ಇನ್ಫೋಸಿಸ್‌ನ ಏಳುಬೀಳುಗಳಲ್ಲಿ ನಾಯಕರ ಪಾಲೆಷ್ಟು?

ಪ್ರಶ್ನೆ
2013ರ ಜೂನ್‌ನಲ್ಲಿ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಇನ್ಫೋಸಿಸ್‌ಗೆ ಮರಳಿದಾಗ ಷೇರಿನ ಬೆಲೆ ಏರಿತು. 2017ರ ಆಗಸ್ಟ್ 18ರಂದು ಆಗಿನ ಸಿಇಒ (ಮುಖ್ಯ ಕಾರ್ಯನಿರ್ವಾಹಕ) ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟಾಗ ಶೇ 10ರ ಆಸುಪಾಸಿನಲ್ಲಿ ಕುಸಿಯಿತು. 2017ರಲ್ಲಿ ಸುಮಾರು ಎರಡು ಲಕ್ಷ ಮಂದಿ ದುಡಿಯುತ್ತಿದ್ದ ಕಂಪನಿಯ ಸೋಲು ಗೆಲುವುಗಳನ್ನು ಒಬ್ಬರ ಲೆಕ್ಕಕ್ಕೆ ಬರೆಯುವುದು ಎಷ್ಟರಮಟ್ಟಿಗೆ ಸರಿ?

ಉತ್ತರ 1
ಸಿಕ್ಕಾ ರಾಜೀನಾಮೆ ಕೊಟ್ಟ ಆ ಶುಕ್ರವಾರ ಗ್ರಾಹಕರ ಒಪ್ಪಂದಗಳಾಗಲಿ, ನಡೆಯುತ್ತಿದ್ದ ಕೆಲಸಗಳಾಗಲಿ ಬದಲಾಗಿರಲಿಲ್ಲ. ಬದಲಾದದ್ದು ಮುಂದೇನಾಗಬಹುದು ಎಂಬ ಹೂಡಿಕೆದಾರರ ಅಂದಾಜು ಮಾತ್ರ. ಅಲ್ಲದೆ, ಆಡಳಿತ ಮಂಡಳಿ ಮತ್ತು ಸಂಸ್ಥಾಪಕರ ನಡುವಿನ ಜಗಳ ಅದೇ ದಿನ ಬಹಿರಂಗ ಹೇಳಿಕೆಗಳಲ್ಲಿ ಮತ್ತಷ್ಟು ತೀವ್ರವಾಗಿತ್ತು. ಹೀಗಾಗಿ ಪೇಟೆ ಬೆಚ್ಚಿದ್ದು ಸಿಕ್ಕಾ ಹೋದದ್ದಕ್ಕೋ ಜಗಳಕ್ಕೋ ಎಂದು ಬಿಡಿಸಿ ಹೇಳುವುದು ಕಷ್ಟ.

ಉತ್ತರ 2
2013ರ ಕಥೆಯಲ್ಲಿ ಎಲ್ಲರೂ ಮರೆಯುವ ಪಾತ್ರವೆಂದರೆ ರೂಪಾಯಿ. ಆ ವರ್ಷ ಆಗಸ್ಟ್ ಕೊನೆಯ ಹೊತ್ತಿಗೆ ಡಾಲರ್ ಬೆಲೆ 68 ರೂಪಾಯಿ ದಾಟಿತ್ತು. ಬಿಲ್ಲನ್ನು ಡಾಲರಿನಲ್ಲಿ ಮಾಡಿ, ಸಂಬಳದ ದೊಡ್ಡ ಭಾಗವನ್ನು ರೂಪಾಯಿಯಲ್ಲಿ ಕೊಡುವ ಕಂಪನಿಗೆ, ಮುಖ್ಯಸ್ಥರ ಕುರ್ಚಿಯಲ್ಲಿ ಯಾರೇ ಕುಳಿತಿದ್ದರೂ, ಇದರಿಂದ ಲಾಭವಾಗುತ್ತದೆ. ಟಿಸಿಎಸ್‌ಗೂ ವಿಪ್ರೋಗೂ ಬೀಸಿದ್ದು ಇದೇ ಗಾಳಿ. ಆದರೆ ವಿನಿಮಯ ದರಕ್ಕೆ ಮುಖವಿಲ್ಲ, ಅದರ ಭಾವಚಿತ್ರ ಪತ್ರಿಕೆಯ ಮುಖಪುಟದಲ್ಲಿ ಬರುವುದಿಲ್ಲ. ಹೊಗಳಿಕೆಯೂ ತೆಗಳಿಕೆಯೂ ಮುಖವಿದ್ದವರಿಗೇ ಸಲ್ಲುತ್ತವೆ.

ಉತ್ತರ 3
ಮೇಲಿನ ಮಾತಿಗೆ ಸಂಶೋಧನೆಯ ಬೆಂಬಲವಿದೆ. ಫಲಿತಾಂಶ ತೀರಾ ಚೆನ್ನಾಗಿದ್ದಾಗ ಅಥವಾ ತೀರಾ ಕೆಟ್ಟಿದ್ದಾಗ ಜನ ಅದಕ್ಕೆ ನಾಯಕನನ್ನೇ ಕಾರಣ ಮಾಡುವುದು ಹೆಚ್ಚು ಎಂದು ಜೇಮ್ಸ್ ಮೈಂಡ್ಲ್ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಹಾಗೆಂದು ನಾಯಕ ಲೆಕ್ಕಕ್ಕೇ ಇಲ್ಲ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. 1972ರಲ್ಲಿ ಲೀಬರ್‌ಸನ್ ಮತ್ತು ಓಕಾನರ್ ಅಮೆರಿಕದ 167 ದೊಡ್ಡ ಕಂಪನಿಗಳನ್ನು ಪರಿಶೀಲಿಸಿದಾಗ, ಮಾರಾಟದ ಏರಿಳಿತದಲ್ಲಿ ನಾಯಕರ ಬದಲಾವಣೆಯ ಪಾಲು ಅತ್ಯಲ್ಪವಾಗಿತ್ತು, ಮಾರ್ಜಿನ್ನಿನಲ್ಲಿ (ಮಾರಾಟದ ಹಣದಲ್ಲಿ ಲಾಭವಾಗಿ ಉಳಿಯುವ ಪಾಲಿನಲ್ಲಿ) ಮಾತ್ರ ಅದು ಗಣನೀಯವಾಗಿತ್ತು. ಮೊದಲನೆಯ ಭಾಗವನ್ನಷ್ಟೇ ಉಲ್ಲೇಖಿಸುವವರು ಎರಡನೆಯದನ್ನು ಏಕೋ ನುಂಗಿಬಿಡುತ್ತಾರೆ.

ಪ್ರಶ್ನೆ ಕೇಳಿದವರು
ಹಾಗಾದರೆ 2018ರ ಜನವರಿಯಿಂದ ಸಿಇಒ ಹೊಣೆ ಹೊತ್ತಿರುವ ಸಲೀಲ್ ಪಾರೇಖ್ ಅವರ ಅವಧಿಯನ್ನು ತೂಗುವುದು ಹೇಗೆ?

ಉತ್ತರ 2
ಡಾಲರ್ ಲೆಕ್ಕದ ಆದಾಯವನ್ನೂ ಮಾರ್ಜಿನ್ನನ್ನೂ ಅದೇ ವರ್ಷಗಳ ಟಿಸಿಎಸ್, ಎಚ್‌ಸಿಎಲ್ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಕೊರೊನಾ ಕಾಲದಲ್ಲಿ ತಂತ್ರಜ್ಞಾನ ಸೇವೆಗಳ ಬೇಡಿಕೆ ಎಲ್ಲರಿಗೂ ಹೆಚ್ಚಿತ್ತಾದ್ದರಿಂದ ಆ ಏರಿಕೆಯನ್ನು ಒಬ್ಬರ ಹೆಸರಿಗೆ ಬರೆಯಬೇಡಿ. ದೊಡ್ಡ ಒಪ್ಪಂದಗಳು ಹಲವು ವರ್ಷಗಳಿಗೆ ಆಗುವುದರಿಂದ, ಹೊಸಬರ ಮೊದಲ ವರ್ಷದ ಆದಾಯದಲ್ಲಿ ಹಳಬರು ಕುದುರಿಸಿದ ವ್ಯವಹಾರವೂ ಸೇರಿರುತ್ತದೆ. ಆ ವರ್ಷವನ್ನು ಬೇರೆಯಾಗಿಯೇ ಇಡಿ.