ಅಪ್‌ಡೇಟ್: ಮಂಡಿ ನೋವಿರುವ ಅಮ್ಮನ ಜೊತೆ ಪ್ರಾಗ್ ನೋಡಿ ಬಂದೆವು

ಅಮ್ಮನಿಗೆ 68, ಮಂಡಿ ನೋವು, ಪ್ರಾಗ್ ಕೋಟೆ ಇರುವುದು ಗುಡ್ಡದ ಮೇಲೆ, ಹೇಗೆ ಕರೆದುಕೊಂಡು ಹೋಗಲಿ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಮೊನ್ನೆ ವಾಪಸ್ ಬಂದೆವು. ಉತ್ತರ ಬರೆದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೈ ಹಿಡಿದಿದ್ದು 22ನೇ ನಂಬರ್ ಟ್ರಾಮ್. ಕೋಟೆ ಸ್ಟಾಪಿನಲ್ಲಿ ಇಳಿಯಬೇಡಿ, ಮುಂದೆ ಪೊಹೊರ್ಜೆಲೆಟ್ಸ್‌ವರೆಗೆ ಹೋಗಿ ಅಂತ ಒಬ್ಬರು ಹೇಳಿದ್ದರಲ್ವಾ, ಹಾಗೇ ಮಾಡಿದೆವು. ಅಲ್ಲಿಂದ ಕೋಟೆಗೆ ಇಳಿಜಾರು ದಾರಿ. ಅಮ್ಮ ನನ್ನ ತೋಳು ಹಿಡಿದು ನಿಧಾನಕ್ಕೆ ನಡೆದರು.

ವೀಲ್‌ಚೇರ್ ಬಾಡಿಗೆಗೆ ತಗೊಂಡಿದ್ದು ಉಪಯೋಗಕ್ಕೆ ಬರಲಿಲ್ಲ. ಹಳೇ ಊರಿನ ತುಂಬಾ ಸಣ್ಣ ಕಲ್ಲುಹಾಸು, ಕುಲುಕಾಟಕ್ಕೆ ಅಮ್ಮನಿಗೆ ಬೆನ್ನು ನೋವು ಬಂತು. ದಪ್ಪ ಅಡಿಯ ಶೂ ಮತ್ತು ಒಂದು ಕೋಲು ಸಾಕು. ತೆಳು ಚಪ್ಪಲಿ ಮಾತ್ರ ಬೇಡವೇ ಬೇಡ.

ನನಗೆ ಗೊತ್ತೇ ಇರದಿದ್ದ ವಿಷಯ: ಹಳೇ ಟೌನ್‌ಹಾಲ್ ಗೋಪುರಕ್ಕೆ ಲಿಫ್ಟ್ ಇದೆ! ಮೇಲಿಂದ ಇಡೀ ಊರಿನ ಕೆಂಪು ಹೆಂಚಿನ ಮಾಡುಗಳು ಕಾಣುತ್ತವೆ. ಅದೇ ಗೋಪುರದಲ್ಲಿ 1410ರ ಖಗೋಳ ಗಡಿಯಾರ. ಗಂಟೆಗೊಮ್ಮೆ ಅಸ್ಥಿಪಂಜರದ ಗೊಂಬೆ ಹಗ್ಗ ಎಳೆದು ಗಂಟೆ ಬಾರಿಸುತ್ತದೆ. "ಯಮನೇ ಗಂಟೆ ಹೊಡೀತಿದ್ದಾನಲ್ಲೋ" ಅಂದರು ಅಮ್ಮ. ಇನ್ನೊಂದ್ಸಲ ನೋಡಬೇಕು ಅಂತ ಮುಂದಿನ ಗಂಟೆವರೆಗೂ ಅಲ್ಲೇ ಕೂತರು, ಕೋಲನ್ನು ಮಡಿಲಲ್ಲಿ ಇಟ್ಟುಕೊಂಡು.