ತಮ್ಮನದೇ ರಕ್ತ ಏರಿಸಿದರೆ ಚಲೋ ಅಲ್ವಾ?

ಪ್ರಶ್ನೆ (ಗದಗ): ನಮ್ಮ ವೈನಿಗೆ ಹೆರಿಗೆಯಾಗಿ ಮೂರು ದಿನ. ಹಿಮೋಗ್ಲೋಬಿನ್ 6.2 ಇದೆ. ನಾಳೆ ಒಂದು ಬಾಟಲಿ ರಕ್ತ ಏರಿಸಬೇಕು ಅಂದಿದ್ದಾರೆ. ಯಾರದೋ ರಕ್ತ, ಏನಾದರೂ ರೋಗ ಬಂದರೆ ಅಂತ ಅವ್ವನಿಗೆ ಭಯ. ವೈನಿಯ ತಮ್ಮನದು ಅದೇ ಗುಂಪು. ಅವನದನ್ನೇ ಏರಿಸಿದರೆ ಚಲೋ ಅಲ್ವಾ? ರಕ್ತವನ್ನು ನಾವೇ ಹೋಗಿ ತರಬೇಕಂತೆ.

ಉತ್ತರ (ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್, ಹುಬ್ಬಳ್ಳಿ): ತಮ್ಮಾ, ಈ ಮಾತನ್ನು ನಮ್ಮ ಕಿಟಕಿಯಲ್ಲಿ ದಿನಾ ಕೇಳುತ್ತೇನೆ. ಒಡಹುಟ್ಟಿದವರ ರಕ್ತ ಹೆಚ್ಚು ಸುರಕ್ಷಿತ ಅನ್ನುವುದು ತಪ್ಪು. ಹತ್ತಿರದ ಸಂಬಂಧಿಯ ರಕ್ತದ ಬಿಳಿ ಕಣಗಳು ರೋಗಿಯ ಮೈಯಲ್ಲೇ ನೆಲೆಯೂರಿ, ಆ ಮೈಯನ್ನೇ ಹಾಳು ಮಾಡುವುದುಂಟು. ಬಹಳ ಅಪರೂಪ, ಆದರೆ ಬಂದರೆ ಬದುಕುವುದು ಕಷ್ಟ. ವೈನಿಯ ತಮ್ಮ ರಕ್ತ ಕೊಡಲಿ, ಅದು ಇನ್ನೊಬ್ಬರಿಗೆ ಆಗುತ್ತದೆ.

ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಸೋಂಕು ತಗುಲಿದ ಮೊದಲ ಕೆಲವು ದಿನ ಮಾತ್ರ ಪರೀಕ್ಷೆಗೂ ಸಿಗದೆ ಹೋಗಬಹುದು. ಅದಕ್ಕೇ ದುಡ್ಡಿಗೆ ರಕ್ತ ಕೊಡುವವರು ಬೇಡ. ದುಡ್ಡಿನ ಆಸೆಗೆ ಸತ್ಯ ಮುಚ್ಚಿಡುತ್ತಾರೆ. ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನಂತೆ 1998ರ ಜನವರಿಯಿಂದ ಅದು ನಿಷೇಧ. ಆಸ್ಪತ್ರೆ ಗೇಟಿನಲ್ಲಿ ಯಾರಾದರೂ ‘ಆಳು ಕೊಡಿಸುತ್ತೇನೆ’ ಅಂದರೆ ಮಾತಾಡಿಸಲೂ ಬೇಡ.

ನನಗೆ ರೋಗಕ್ಕಿಂತ ಜಾಸ್ತಿ ಭಯ ಹೆಸರಿನದು. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮವ್ವ, ಇಬ್ಬರು ಮಂಜುಳಾ ಇರುತ್ತಾರೆ. ಒಮ್ಮೆ ನಮಗೆ ಬಂದ ಸ್ಯಾಂಪಲ್ ಎ ಪಾಸಿಟಿವ್ ಅಂತ ತೋರಿಸಿತು. ಅದೇ ರೋಗಿಯ ಹಳೆಯ ದಾಖಲೆಯಲ್ಲಿ ಬಿ ಪಾಸಿಟಿವ್ ಇತ್ತು. ಫೋನು ಮಾಡಿ ವಿಚಾರಿಸಿದರೆ, ಪಕ್ಕದ ಮಂಚದವಳ ರಕ್ತ ಎಳೆದು ಇವಳ ಹೆಸರು ಬರೆದಿದ್ದರು. ಹಳೆಯ ದಾಖಲೆ ಇಲ್ಲದಿದ್ದರೆ? ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಗುಂಪು ತಪ್ಪಿದ ರಕ್ತ ಸ್ವಲ್ಪ ಒಳಗೆ ಹೋದರೂ ಜೀವಕ್ಕೆ ಅಪಾಯ. ಹಾಗಾಗಿ ರಕ್ತ ಎಳೆದ ಮೇಲೆ ಟ್ಯೂಬಿನ ಮೇಲೆ ವೈನಿಯ ಹೆಸರು, ಐಪಿ ನಂಬರು (ಆಸ್ಪತ್ರೆಗೆ ಸೇರಿಸಿದಾಗ ಕೊಡುವ ನಂಬರು) ಮಂಚದ ಹತ್ತಿರವೇ ಬರೆಯಲಿ. ನಾಳೆ ಚೀಲ ಹಚ್ಚುವ ಮುಂಚೆ ‘ನಿಮ್ಮ ಹೆಸರೇನು’ ಅಂತ ಅವಳನ್ನೇ ಕೇಳಲಿ. ಹೆಸರು, ನಂಬರು, ಗುಂಪು ಮೂರೂ ತಾಳೆಯಾಗಬೇಕು. ನೀನು ಕೇಳಿದರೆ ನರ್ಸ್ ಸಿಟ್ಟಾಗಬಹುದು. ಆದರೂ ಕೇಳು.

ಪ್ರಶ್ನೆ (ಹಾವೇರಿ): ಅಣ್ಣಾರೆ, ಹೋದ ವರ್ಷ ಅಪ್ಪಾಜಿಗೆ ರಕ್ತ ಏರಿಸುವಾಗ ಚಳಿ, ಜ್ವರ ಬಂತು. ರಕ್ತ ತಣ್ಣಗಿದೆ, ಅದಕ್ಕೇ ಅಂದು ಚೀಲವನ್ನು ಬಿಸಿನೀರಲ್ಲಿ ಅದ್ದಿದರು. ಸರಿನಾ?

ಉತ್ತರ: ಖಂಡಿತ ತಪ್ಪು. ಬಿಸಿನೀರಲ್ಲಿ ಅದ್ದಿದರೆ ಕೆಂಪು ಕಣ ಒಡೆಯುತ್ತವೆ. ಚಳಿ, ಸೊಂಟನೋವು, ಉಸಿರಾಟದ ತೊಂದರೆ, ಮೂತ್ರ ಕಪ್ಪಗಾಗುವುದು, ಏನೇ ಕಂಡರೂ ಮೊದಲು ರಕ್ತ ನಿಲ್ಲಿಸಬೇಕು. ಚೀಲ ಎಸೆಯದೆ, ಹೊಸ ಸ್ಯಾಂಪಲ್ ಜೊತೆ ಬ್ಲಡ್ ಬ್ಯಾಂಕಿಗೆ ಕಳಿಸಬೇಕು. ಮೊದಲ 15 ನಿಮಿಷ ಯಾರಾದರೂ ಪಕ್ಕದಲ್ಲೇ ಕೂತಿರಲಿ.

ಪ್ರಶ್ನೆ (ಗದಗ): ಅವ್ವ ಒಪ್ಪಿದಳು ಅಣ್ಣಾ. ಬೈಕಿನಲ್ಲಿ ರಕ್ತ ತಂದರೆ ನಡೆಯುತ್ತಾ?

ಉತ್ತರ: ಬೈಕ್ ಪರವಾಗಿಲ್ಲ, ಕ್ಯಾರಿಬ್ಯಾಗ್ ಬೇಡ. ನಾವು ಇಡುವುದು 2ರಿಂದ 6 ಡಿಗ್ರಿಯಲ್ಲಿ. ಈ ಬಿಸಿಲಿಗೆ ಐಸ್ ಬಾಕ್ಸ್ ಬೇಕೇ ಬೇಕು. ಐಸು ನೇರವಾಗಿ ಚೀಲಕ್ಕೆ ತಾಗಬಾರದು, ನಡುವೆ ಬಟ್ಟೆ ಇಡು. ದಾರಿಯಲ್ಲಿ ಚಹಾಕ್ಕೂ ನಿಲ್ಲಬೇಡ. ಬಾಕ್ಸಿನಿಂದ ತೆಗೆದ ಅರ್ಧ ಗಂಟೆಯೊಳಗೆ ಶುರುವಾಗಿ, 4 ಗಂಟೆಯೊಳಗೆ ಮುಗಿಯಬೇಕು. ಸಂಜೆ ವೈನಿ ಹೇಗಿದ್ದಾರೆ ಅಂತ ಇಲ್ಲೇ ತಿಳಿಸು.