ಅಪ್‌ಡೇಟ್: ಸೆಣಬು ಬಿತ್ತಿದ ತೆಂಗಿನ ತೋಟ ಈಗ ಹೇಗಿದೆ

ತಿಪಟೂರು ಕಡೆಯ ನಮ್ಮ ಎರಡು ಎಕರೆ ತೆಂಗಿನ ತೋಟದಲ್ಲಿ ಕೆಂಪು ಮಣ್ಣು ಗಟ್ಟಿಯಾಗಿದೆ, ಮಳೆ ನೀರು ಇಂಗದೆ ಹರಿದುಹೋಗುತ್ತದೆ, ಏನು ಮಾಡಲಿ ಎಂದು ಹೋದ ವರ್ಷ ಕೇಳಿದ್ದೆ. ಉಳುಮೆ ಕಡಿಮೆ ಮಾಡಿ, ಹಸಿರೆಲೆ ಗೊಬ್ಬರದ ಬೆಳೆ ಹಾಕಿ ಎಂದಿದ್ದಿರಿ.

ಮುಂಗಾರಿನಲ್ಲಿ ಎಕರೆಗೆ 15 ಕಿಲೋ ಸೆಣಬು ಚೆಲ್ಲಿದೆ. 45 ದಿನದ ಹೊತ್ತಿಗೆ, ಹೂ ಬಿಡುವಾಗಲೇ ಮಣ್ಣಿಗೆ ಸೇರಿಸಬೇಕಿತ್ತು. ಟ್ರ್ಯಾಕ್ಟರ್ ಸಿಗದೆ ಮೂರು ವಾರ ತಡವಾಯಿತು. ಕಾಂಡವೆಲ್ಲ ನಾರು. ದೀಪಾವಳಿ ಬಂದರೂ ಪೂರ್ತಿ ಕೊಳೆತಿರಲಿಲ್ಲ. ಹಗ್ಗ ಹೊಸೆಯುವ ಗಿಡವಲ್ಲವೇ, ನನಗೇ ಹೊಳೆಯಬೇಕಿತ್ತು.

ತೆಂಗಿನ ಸಿಪ್ಪೆ ಮಾರುವುದನ್ನೂ ಬಿಟ್ಟೆ. ಸಾಲುಗಳ ನಡುವೆ ಕಂದಕ ತೋಡಿ, ಒಳಮೈ ಮೇಲಕ್ಕಿರುವಂತೆ ಜೋಡಿಸಿ ಮುಚ್ಚಿದೆ. ಸಿಪ್ಪೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಒಣಗರಿ ಸುಡದೆ ಬುಡಕ್ಕೆ ಹೊದಿಸುತ್ತಿದ್ದೇನೆ. ಅಪ್ಪನ ಕಣ್ಣಿಗೆ ಅದು ಇನ್ನೂ ಕಸವೇ.

ಕಾಯಿ ಹೆಚ್ಚಾಗಿಲ್ಲ, ತೆಂಗಿನಲ್ಲಿ ಅಷ್ಟು ಬೇಗ ಆಗುವುದೂ ಇಲ್ಲ. ಆದರೆ ಮೊನ್ನೆಯ ಮಳೆಗೆ ಬದುವಿನಾಚೆ ಕೆಂಪು ನೀರು ಹರಿಯಲಿಲ್ಲ. ಮರುದಿನ ಅಗೆದರೆ ಗುದ್ದಲಿ ಸಲೀಸಾಗಿ ಇಳಿಯಿತು, ಹೆಂಟೆಯೊಳಗೆ ಎರೆಹುಳು.

ಈ ಸಲ ಅರ್ಧ ತೋಟಕ್ಕೆ ಹುರುಳಿ. ಟ್ರ್ಯಾಕ್ಟರಿನವರಿಗೆ ಈಗಲೇ ಹೇಳಿಟ್ಟಿದ್ದೇನೆ.